ತೆಂಗಿನೆಣ್ಣೆ ಸವರಿದ ಗ್ಯಾರೇಜ್ ಬಾಗಿಲು

ಆ ಚಳಿಗಾಲ ಅಮೆರಿಕದ ಎವರ್‌ಗ್ರೀನ್‌ನ ಗುಡ್ಡದ ಮನೆಯಲ್ಲಿ ನಾವು ಮೂವರಿದ್ದೆವು: ಅಣ್ಣ, ನಾನು, ಮಂಗಳೂರಿನಿಂದ ಬಂದಿದ್ದ ಅಪ್ಪ. ಮೋಟರಿನಿಂದ ಮೇಲೇರುವ ಗ್ಯಾರೇಜಿನ ಬಾಗಿಲು ಕಿರುಗುಟ್ಟುತ್ತದೆಂದು ಅಪ್ಪ ಹಿಂದಿನ ಮಧ್ಯಾಹ್ನ ಅದರ ಹಳಿಗೂ ಗಾಲಿಗಳಿಗೂ ಧಾರಾಳವಾಗಿ ತೆಂಗಿನೆಣ್ಣೆ ಸವರಿದ್ದರು. ಊರಿನಲ್ಲಿ ಗೇಟಿಗೂ, ಹೊಲಿಗೆ ಯಂತ್ರಕ್ಕೂ, ತಲೆಗೂ ಅವರು ಹಾಕುತ್ತಿದ್ದುದು ಅದನ್ನೇ. ಅಲ್ಲಿ ಅದು ಹೆಪ್ಪುಗಟ್ಟುವುದು ಅಪರೂಪ.

ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗಿ ಕೂತಿತ್ತು. ಅಣ್ಣ ಗುಂಡಿ ಒತ್ತಿದ. ಬಾಗಿಲು ಸೊಂಟದೆತ್ತರ ಏರಿ, ನಡುಗಿ, ನಿಂತುಬಿಟ್ಟಿತು. ಮತ್ತೆ ಒತ್ತಿದ. ಮೋಟರು ಗುರುಗುಟ್ಟಿತಷ್ಟೆ. ಹಳಿಯುದ್ದಕ್ಕೂ ಎಣ್ಣೆ ಮೇಣದಂತೆ ಬೆಳ್ಳಗೆ ಅಂಟಿಕೊಂಡಿತ್ತು.

"ಯಾರು ಇದಕ್ಕೆ ಬೆಣ್ಣೆ ಬಳ್ದಿದ್ದು?"

"ಬೆಣ್ಣೆ ಅಲ್ಲ ಮಾರಾಯಾ, ಎಣ್ಣೆ," ಎಂದರು ಅಪ್ಪ. "ಊರಲ್ಲಿ ಇದೇ ಹಾಕುದು."

"ಹಂಗಾದ್ರೆ ಊರಿಗೇ ಹೋಗಿ ಹಾಕಿ! ಕಾರು ಒಳಗಿದೆ, ಇವತ್ತು ಆಫೀಸಲ್ಲಿ ಡೆಮೋ ಇದೆ ನಂಗೆ!"

ಅವನು ಕಾರಿನ ಜಾಕಿನ ರಾಡು ತೆಗೆದು ಹಳಿಗೆ ಬಡಿಯತೊಡಗಿದ. ಪ್ರತಿ ಹೊಡೆತವೂ ನನ್ನ ಹಲ್ಲುಗಳಿಗೆ ತಾಗುತ್ತಿತ್ತು. ಅಪ್ಪ ಬಾಗಿಲ ಕೆಳಗೆ ಕುಕ್ಕರುಗಾಲಲ್ಲಿ ಕೂತು, ಎಡಗೈ ನೆಲಕ್ಕೆ ಊರಿ, ಬಲಗೈಯ ಉಗುರಿನಿಂದ ಎಣ್ಣೆ ಕೆರೆಯುತ್ತಿದ್ದರು.

ಆಗ ಬಾಗಿಲಿನ ಮೇಲಿದ್ದ ದೊಡ್ಡ ಸ್ಪ್ರಿಂಗು ಗುಂಡು ಹಾರಿದಂತೆ ಸಿಡಿದು ತುಂಡಾಯಿತು. ಬಾಗಿಲಿನ ಭಾರ ಹೊರುತ್ತಿದ್ದುದು ಅದೇ. ಈಗ ಬಾಗಿಲನ್ನು ಹಿಡಿದಿದ್ದುದು ಮೋಟರಿನ ಕೊಂಡಿ ಮಾತ್ರ. ಆ ಕೊಂಡಿ ಬಿಚ್ಚುವ ಕೆಂಪು ಹಗ್ಗ ಅಣ್ಣನ ತಲೆಯ ಮೇಲೆ ತೂಗುತ್ತಿತ್ತು. ಬಾಗಿಲನ್ನು ಕೈಯಿಂದಲೇ ಎತ್ತಲೆಂದು ಅವನು ಅದಕ್ಕೆ ಕೈಹಾಕಿದ.

"ಅಣ್ಣಾ, ಹಗ್ಗ ಮುಟ್ಬೇಡ. ಅಪ್ಪ ಕೆಳಗಿದಾರೆ."

"ಸುಮ್ನಿರೇ, ದೊಡ್ಡ ಇಂಜಿನಿಯರು!"

ಎಳೆದ. ಹೆಪ್ಪುಗಟ್ಟಿದ ಎಣ್ಣೆ ಆ ಭಾರವನ್ನು ಒಂದು ಕ್ಷಣವೂ ತಡೆಯಲಿಲ್ಲ; ಬಾಗಿಲು ಧೊಪ್ಪನೆ ಬಿತ್ತು. ಅಪ್ಪ ತಲೆಯನ್ನು ಹಿಂದಕ್ಕೆಳೆದುಕೊಂಡರು. ಎಡಗೈ ಅಲ್ಲೇ ಉಳಿಯಿತು.

ಅವರು ಕಿರುಚಲಿಲ್ಲ. ಗಂಟಲಿನಿಂದ ಗಾಳಿ ಹೊರಟ ಸದ್ದು ಮಾತ್ರ ಬಂತು. ಅಣ್ಣ ಕತ್ತಿನ ನರ ಉಬ್ಬಿಸಿ ಬಾಗಿಲನ್ನು ಒಂದು ಬೆರಳಿನಷ್ಟು ಎತ್ತಿದ. ನಾನು ಅಪ್ಪನ ಕೈಯನ್ನು ಹೊರಗೆಳೆದೆ. ಎರಡು ಬೆರಳು ಬೆರಳಿನ ಆಕಾರದಲ್ಲಿರಲಿಲ್ಲ. ಟವೆಲ್ ಸುತ್ತಿ ಗಟ್ಟಿಯಾಗಿ ಹಿಡಿದುಕೊಂಡೇ ಆಂಬ್ಯುಲೆನ್ಸಿಗೆ ಫೋನು ಮಾಡಿದೆ.

ನಾನು ವಿಳಾಸ ಹೇಳುತ್ತಿರುವಾಗಲೇ ಅಣ್ಣ ರಾಡು ಎತ್ತಿಕೊಂಡು ಬಾಗಿಲನ್ನು ಬಡಿಯತೊಡಗಿದ. "ಸಾಯಿ! ಸಾಯಿ!" ತಗಡು ಒಳಕ್ಕೆ ಬಾಗಿತು, ಬಣ್ಣ ಚೆಕ್ಕೆಯಾಗಿ ಎದ್ದಿತು. ಫೋನಿನಲ್ಲಿದ್ದ ಹೆಂಗಸು, ಅಲ್ಲಿ ಯಾರಾದರೂ ನಿಮ್ಮನ್ನು ಹೊಡೆಯುತ್ತಿದ್ದಾರೆಯೇ ಎಂದು ಕೇಳಿದಳು. ನನ್ನನ್ನಲ್ಲ, ಬಾಗಿಲನ್ನು, ಎಂದೆ.

ಕಾರಿನ ಚಕ್ರಕ್ಕೆ ಒರಗಿದ್ದ ಅಪ್ಪ ಕಣ್ಣು ತೆರೆದರು. "ಅದಕ್ಕೆ ಹೊಡ್ದದ್ದು ಸಾಕು ಮಾರಾಯಾ. ಇಲ್ಲಿ ಬಂದು ನನ್ನ ಕೈ ಹಿಡಿ."

ಅಣ್ಣ ಬಂದು ಕೂತ. ಟವೆಲನ್ನು ಮುಟ್ಟಲು ಅವನಿಂದಾಗಲಿಲ್ಲ.

ಉಂಗುರ ಬೆರಳೂ ಕಿರುಬೆರಳೂ ಉಳಿಯಲಿಲ್ಲ. ಆಸ್ಪತ್ರೆಯ ಹಜಾರದಲ್ಲಿ ನಿಂತಿದ್ದ ಅಣ್ಣನಿಗೆ ಅದನ್ನು ನಾನೇ ಹೇಳಬೇಕಾಯಿತು. ಕೇಳಿಸಿಕೊಂಡು ಅವನು ಬಲಗೈ ಮುಷ್ಟಿಯನ್ನು ಗೋಡೆಗೆ ಗುದ್ದಿದ. ಮತ್ತೊಮ್ಮೆ ಗುದ್ದಿದ. ನಾನು ಪಕ್ಕದಲ್ಲೇ ನಿಂತಿದ್ದೆ, ತಡೆಯಲಿಲ್ಲ.