ಕೊನೆಯ ಖಾನೆಯ ಉಪ್ಪುಕಾಗದ

ಸ್ನೇಹಿತರೇ, ಇವತ್ತು ಸಂಜೆ ಮರದ ತೊಟ್ಟಿಲನ್ನು ತಿಕ್ಕಿ ನಯ ಮಾಡಲು ಕುಳಿತರೆ ನನ್ನ ಉಪ್ಪುಕಾಗದಗಳೇ, ಅದೇ ಸ್ಯಾಂಡ್‌ಪೇಪರ್, ಮಾಯ! ವಿಶಾಖಪಟ್ಟಣದ ಕಡಲ ಗಾಳಿಗೆ ಅವು ಸುರುಳಿ ಸುತ್ತಿಕೊಳ್ಳುತ್ತವೆಂದು ಹಾಸಿಗೆಯ ಕೆಳಗೆ ಚಪ್ಪಟೆಯಾಗಿ ಇಟ್ಟಿದ್ದೆ.

"ಹೊರಳಿದ್ರೆ ಸಾಕು, ಕರಕರ ಅಂತಿತ್ತಂಡಿ. ಬಾಲ್ಕನೀಲಿ ಎತ್ತಿಟ್ಟಿದೀನಿ," ಎಂದಳು ನನ್ನ ತೆಲುಗು ಹೆಂಡತಿ. ತುಂಬು ಬಸುರಿ.

ಬಾಲ್ಕನಿಯ ನನ್ನ ಮರಗೆಲಸದ ಮೂಲೆಯಲ್ಲಿ, ಹಳೆಯ ಟಿವಿ ಆಂಟೆನಾದ ಕಡ್ಡಿಗೆ, ಸೀರೆಯಿಂದ ಹೊಲಿದ ಖಾನೆಗಳ ಚೀಲವೊಂದು ತೂಗುತ್ತಿತ್ತು. ಖಾನೆಗಳ ಮೇಲೆ ಕಾಗದ ಎಷ್ಟು ಒರಟೆಂದು ಹೇಳುವ ನಂಬರಿಲ್ಲ. ಅವಳ ದುಂಡು ತೆಲುಗು ಅಕ್ಷರಗಳಿದ್ದವು. ತೀರಾ ಒರಟು ಹಾಳೆಗಳಿಗೆ ‘ನಿಮ್ಮ ಭಾನುವಾರದ ಗಡ್ಡ’. ಮುಂದಿನದು ‘ಬೆಕ್ಕಿನ ನಾಲಿಗೆ’. ಆಮೇಲೆ ‘ಒದ್ದೆ ಮರಳು’.

"ನಂಬರ್ ಪ್ರಕಾರ ಇಡಬೇಕಲ್ವೇನೇ?"

"ನಂಬರ್ ಕಣ್ಣಿಗಂಡಿ. ತಿಕ್ಕೋದು ಕೈಯಲ್ವಾ?"

ಕಣ್ಣು ಮುಚ್ಚಿ ಒಂದೊಂದೇ ಖಾನೆಯಲ್ಲಿ ಬೆರಳಾಡಿಸುತ್ತ ಹೋದೆ. ಬಂದರಿನ ಕಡೆ ಹಡಗೊಂದು ಉದ್ದಕ್ಕೆ ಕೂಗಿತು. ‘ಒದ್ದೆ ಮರಳಿ’ನ ಖಾನೆಗೆ ಬಂದಾಗ ನಾನಿರುವುದು ಬಾಲ್ಕನಿಯಲ್ಲೋ ಕಡಲತೀರದಲ್ಲೋ ಎಂಬುದೇ ಮರೆತುಹೋಯಿತು. ಅದರಾಚೆಯ ಕೊನೆಯ ಖಾನೆ ಖಾಲಿ. ತೊಟ್ಟಿಲ ಕೆಲಸ ಮುಗಿಸಲು ಬೇಕಾದ ಅತಿ ನಯದ ಹಾಳೆಗಳೇ ಇಲ್ಲ!

"ಅವು ಬೀರುವಿನಲ್ಲಿವೆ. ಬೀಗ ಹಾಕಿದೀನಿ. ಮಗು ಹುಟ್ಟೋಕೆ ಮುಂಚೆ ತೊಟ್ಟಿಲು ಪೂರ್ತಿ ಮಾಡಬಾರದು ಅಂತ ಅಮ್ಮ ಹೇಳಿದಾರೆ."

"ಸರಿ, ಆ ಖಾನೆಗೆ ಹೆಸರು ಯಾಕಿಲ್ಲ?"

"ಮಗು ಕೆನ್ನೆ ಮುಟ್ಟಿ ನೋಡಿ ಬರೀತೀನಿ."

ತೊಟ್ಟಿಲು ಎಲ್ಲಿಗೆ ಬಂತು ಎಂದು ದಿನಾ ಕೇಳುವವರೇ, ಕೆಲಸ ನಿಂತಿದೆ. ನಯ ಎಷ್ಟಿರಬೇಕೆಂದು ಹೇಳಬೇಕಾದವರು ಇನ್ನೂ ಒಳಗೇ ಒದೆಯುತ್ತಿದ್ದಾರೆ.