ಹಿಟ್ಟಿನ ಕೈಯ ಸಾಕ್ಷಿ

2019ರಲ್ಲಿ ನನ್ನ ವಕೀಲಿ ವೃತ್ತಿಗೆ ಮೂವತ್ತೊಂದು ವರ್ಷ ತುಂಬಿತ್ತು. ಮುಂಬಯಿಯ ಫೋರ್ಟ್‌ನಲ್ಲಿ ಆಫೀಸು. ಕೆಲಸವೆಲ್ಲ ಉಯಿಲು, ವಾರಸುದಾರಿಕೆಯದು. ಈ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಇನ್ನೇನಿದೆ ಎಂಬ ಜಂಬವೂ ಇತ್ತು. ಅದನ್ನು ಇಳಿಸಿದವರು ಒಬ್ಬ ಹೋಟೆಲ್ ಅಡುಗೆಯವರು.

ಗ್ರಾಂಟ್ ರೋಡಿನಲ್ಲಿ ಹೋಟೆಲ್ ನಡೆಸುತ್ತಿದ್ದ ವಾಸು ಶೆಟ್ಟರು ಕಾಂದಿವಲಿಯ ತಮ್ಮ ಫ್ಲ್ಯಾಟನ್ನು ತಂಗಿ ಸರೋಜಕ್ಕನಿಗೆ ಬರೆದಿಟ್ಟು ತೀರಿಕೊಂಡಿದ್ದರು. ಶೆಟ್ಟರ ಹೆಂಡತಿ ಹೋದ ಮೇಲೆ ಅವರನ್ನು ನೋಡಿಕೊಂಡವರು ವಿಧವೆಯಾಗಿ ಅದೇ ಮನೆ ಸೇರಿದ್ದ ಈ ತಂಗಿಯೇ. ಉಯಿಲು ನಕಲಿ ಎಂದು ಶೆಟ್ಟರ ಒಬ್ಬನೇ ಮಗ ಹರೀಶ್ ತಕರಾರು ಹಾಕಿದ. ಉಯಿಲು ಬಿದ್ದುಹೋದರೆ ಕಾನೂನಿನಂತೆ ಎಲ್ಲವೂ ಮಗನಿಗೆ. ಮಗನಿರುವಾಗ ತಂಗಿಗೆ ಏನೂ ಸಿಗದು. ಫ್ಲ್ಯಾಟಿಗೆ ಹರೀಶ್ ಆಗಲೇ ಗಿರಾಕಿಯನ್ನೂ ಹುಡುಕಿಟ್ಟಿದ್ದ. ಸರೋಜಕ್ಕನ ಪರ ವಕೀಲ ನಾನು.

ಉಯಿಲು ನಿಜವೆಂದು ಕೋರ್ಟು ಕೊಡುವ ಮಾನ್ಯತೆಗೆ ಪ್ರೊಬೇಟ್ ಎನ್ನುತ್ತೇವೆ. ಅದಕ್ಕೆ ಉಯಿಲಿಗೆ ಸಹಿ ಹಾಕಿದ ಇಬ್ಬರು ಸಾಕ್ಷಿಗಳಲ್ಲಿ ಒಬ್ಬರಾದರೂ ಬಂದು ಹೇಳಬೇಕು. ಶೆಟ್ಟರು ಯಾವ ವಕೀಲರನ್ನೂ ಕೇಳದೆ ಹೋಟೆಲಿನ ಇಬ್ಬರಿಂದಲೇ ಸಹಿ ಹಾಕಿಸಿದ್ದರು. ಕ್ಯಾಶಿಯರ್ ತೀರಿಕೊಂಡಿದ್ದರು. ಉಳಿದವರು ಅಡುಗೆಯ ಮಲ್ಲಪ್ಪ, ವಿಜಯಪುರದ ಕಡೆಯವರು.

ಅವರನ್ನು ಆಫೀಸಿಗೆ ಕರೆಸಿ, ಎಲ್ಲ ಸಾಕ್ಷಿಗಳಿಗೂ ಕೊಡುವ ಇಂಗ್ಲಿಷ್ ಅಫಿಡವಿಟ್ಟನ್ನೇ ಮುಂದಿಟ್ಟೆ. 'ಶೆಟ್ಟರು ನನ್ನ ಕಣ್ಣೆದುರೇ ಸಹಿ ಹಾಕಿದರು' ಎಂದು ಅದರಲ್ಲಿತ್ತು. ಮಲ್ಲಪ್ಪ ಏನೋ ಹೇಳಲು ಬಾಯಿ ತೆರೆದರು. ನನಗೆ ಲೋಕಲ್ ರೈಲು ಹಿಡಿಯುವ ಅವಸರ. "ಎಲ್ಲ ಸರಿಯಿದೆ, ಹಾಕಿ" ಎಂದೆ. ಹಾಕಿದರು.

ಕೋರ್ಟಿನಲ್ಲಿ ದುಭಾಷಿಯ ಮೂಲಕ ಹರೀಶನ ವಕೀಲರು ಮೊದಲು ಕೇಳಿದ್ದೇ ಅದನ್ನು: "ಶೆಟ್ಟರು ಸಹಿ ಹಾಕುವಾಗ ನೀವು ಎಲ್ಲಿದ್ರಿ?"

"ಒಳಗ ಇದ್ನಿರಿ. ಪೂರಿ ಹಿಟ್ಟ ನಾದಾಕ್ಹತ್ತಿದ್ನಿ."

"ಹಾಗಾದರೆ ಸಹಿ ಹಾಕಿದ್ದನ್ನು ನೋಡಲಿಲ್ಲ?"

"ಇಲ್ರಿ. ಸುಳ್ಳ ಯಾಕ ಹೇಳ್ಲಿ?"

ಹಿಂದಿನ ಬೆಂಚಿನಲ್ಲಿ ಹರೀಶ್ ನಗುತ್ತಿದ್ದ. ಸರೋಜಕ್ಕ ಬಾಗಿ ನನ್ನ ಕಿವಿಯಲ್ಲಿ, "ಇನ್ನು ನಾನು ಎಲ್ಲಿಗೆ ಹೋಗುದು ವಕೀಲರೇ?" ಎಂದರು.

ನ್ಯಾಯಾಧೀಶರು ಕನ್ನಡಕ ತೆಗೆದು ಮಲ್ಲಪ್ಪನವರನ್ನು ನೋಡಿದರು. "ಮತ್ತೆ ಅಫಿಡವಿಟ್‌ನಲ್ಲಿ ನೋಡಿದೆ ಎಂದು ಯಾಕಿದೆ?"

"ಅದು ಇಂಗ್ಲಿಷ್‌ನ್ಯಾಗ ಇತ್ರಿ. ನಂಗ ಯಾರೂ ಓದಿ ಹೇಳಲಿಲ್ರಿ."

ಇಡೀ ಕೋರ್ಟು ನನ್ನ ಕಡೆ ತಿರುಗಿತು. ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಎಂದೂ ಆಗಿರಲಿಲ್ಲ.

ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ನಿಮ್ಮದೇ ಸಾಕ್ಷಿಗೆ ಕೇಳಬೇಡಿ ಎಂದು ಕಿರಿಯ ವಕೀಲರಿಗೆ ನಾನೇ ಪಾಠ ಹೇಳುತ್ತಿದ್ದೆ. ಆ ದಿನ ಬೇರೆ ದಾರಿಯಿರಲಿಲ್ಲ. ನನ್ನ ಸಾಕ್ಷಿಯನ್ನು ಮತ್ತೆ ಪ್ರಶ್ನಿಸುವ ಸರದಿ ಬಂದಾಗ ಎದ್ದು ನಿಂತೆ. "ಮಲ್ಲಪ್ಪನವರೇ, ಆಮೇಲೆ ಏನಾಯಿತು? ನಡೆದದ್ದನ್ನು ನಡೆದ ಹಾಗೆ ಹೇಳಿ."

"ಧಣ್ಯಾರು ಕರದ್ರು. ಕೈ ತೊಳ್ಕೊಂಡು ಗಲ್ಲಾದ ಕಡೆ ಹೋದ್ನಿ. ಕ್ಯಾಶಿಯರ್ರನ್ನೂ ನಿಲ್ಲಿಸ್ಕೊಂಡಿದ್ರು. ಕಾಗದದ ಮ್ಯಾಲ ಬೆರಳಿಟ್ಟು, 'ಇದು ನನ್ನ ಉಯಿಲು, ಇದು ನಾನೇ ಹಾಕಿದ ಸಹಿ. ಈಗ ನೀವಿಬ್ರೂ ಹಾಕಿ' ಅಂದ್ರು. ಅವರ ಮುಂದನ ಇಬ್ರೂ ಹಾಕಿದ್ವಿರಿ."

ನಾನು ಸಮಾಧಾನದಿಂದ ಕುಳಿತೆ. ಸಹಿ ಹಾಕುವುದನ್ನು ಸಾಕ್ಷಿ ಕಣ್ಣಾರೆ ನೋಡಲೇಬೇಕೆಂದಿಲ್ಲ. ಇದು ನನ್ನ ಸಹಿ ಎಂದು ಉಯಿಲು ಬರೆದವರೇ ಸಾಕ್ಷಿಗಳಿಗೆ ಹೇಳಿ, ಸಾಕ್ಷಿಗಳು ಅವರೆದುರೇ ಸಹಿ ಹಾಕಿದರೂ ಕಾನೂನು ಒಪ್ಪುತ್ತದೆ.

ನಾಲ್ಕು ತಿಂಗಳ ನಂತರ ಪ್ರೊಬೇಟ್ ಸಿಕ್ಕಿತು. ತಮಗೆ ತೊಡಕಾಗುವ ಸತ್ಯವನ್ನೂ ಮುಚ್ಚಿಡದ ಸಾಕ್ಷಿಯನ್ನು ನಂಬಲು ಅಡ್ಡಿಯಿಲ್ಲ ಎಂದು ತೀರ್ಪಿನಲ್ಲಿತ್ತು. ಅಫಿಡವಿಟ್ ಬರೆದ ವಕೀಲರ ಅವಸರದ ಬಗ್ಗೆಯೂ ಎರಡು ಸಾಲಿತ್ತು. ಅದು ನನಗೆ ಸಲ್ಲಬೇಕಾದದ್ದೇ. ಸರೋಜಕ್ಕ ಇಂದಿಗೂ ಕಾಂದಿವಲಿಯ ಅದೇ ಮನೆಯಲ್ಲಿದ್ದಾರೆ.

ಅಂದಿನಿಂದ ನಾನು ಸಾಕ್ಷಿಯ ಮಾತು ಪೂರ್ತಿ ಕೇಳದೆ ಕಾಗದ ಮುಟ್ಟುವುದಿಲ್ಲ. ತೀರ್ಪು ಬಂದ ದಿನ ಹೋಟೆಲಿಗೆ ಹೋಗಿ ಮಲ್ಲಪ್ಪನವರ ಕ್ಷಮೆ ಕೇಳಿದೆ. ಅವರು ಹಿಟ್ಟು ನಾದುವುದನ್ನು ನಿಲ್ಲಿಸದೆ ಹೇಳಿದರು:

"ಅವತ್ತ ಆಫೀಸಿನ್ಯಾಗ ನೀವು ಒಂದ್ ಮಾತ ಕೇಳಿದ್ರ ಹೇಳ್ತಿದ್ನಲ್ರಿ, ಸಾಹೇಬ್ರ."