ಮರ್ದಾನಸಾಬ ಹಾಕಿದ ಗೆರೆ

ಬೆಟಗೇರಿಯ ಮರ್ದಾನಸಾಬ ಹಿತ್ತಾಳೆಯ ಹೊಳಪನ್ನು ನಂಬುತ್ತಿರಲಿಲ್ಲ. ಗದಗಿನ ಲೈಸೆನ್ಸುದಾರ ಬಂದೂಕಿನ ಅಂಗಡಿಯೊಂದರಲ್ಲಿ ಮೂವತ್ತೊಂದು ವರ್ಷ ಅವನು ಮಾಡಿದ ಕೆಲಸ ಒಂದೇ. ರೈತರು ತಂದ ಖಾಲಿ ಕಾಡತೂಸುಗಳ ಹಿತ್ತಾಳೆ ಕೊಳವೆಗಳಲ್ಲಿ ಮತ್ತೊಮ್ಮೆ ಮದ್ದು ತುಂಬಿದರೆ ತಾಳುವುದು ಯಾವುದು, ಸೀಳುವುದು ಯಾವುದು ಎಂದು ಆರಿಸುವುದು. ತುಂಬುವವರು ಬೇರೆ ಇದ್ದರು. ಆದರೆ ಇವನು ಹೂಂ ಅನ್ನದೆ ಒಂದು ಕೊಳವೆಯೂ ಒಳಕೋಣೆಗೆ ಹೋಗುತ್ತಿರಲಿಲ್ಲ.

ಮೊದಲು ಕೊಳವೆಯನ್ನು ಮೂಗಿಗೆ ಹಿಡಿಯುತ್ತಿದ್ದ. ಆಮೇಲೆ ಗೇಣೆತ್ತರದಿಂದ ಕಡಪಾ ಕಲ್ಲಿನ ಮೇಲೆ ಬೀಳಿಸಿ ಸದ್ದು ಕೇಳುತ್ತಿದ್ದ. ಕೊನೆಗೆ ಹೆಬ್ಬೆರಳಿನ ಉಗುರನ್ನು ಕೊಳವೆಯ ಬಾಯಿಯ ಸುತ್ತ ಆಡಿಸುತ್ತಿದ್ದ. ಕೂದಲೆಳೆಯಷ್ಟು ಬಿರುಕಿದ್ದರೂ ಉಗುರು ಅಲ್ಲಿ ತೊಡರುತ್ತಿತ್ತು. ಒಪ್ಪಿದ ಕೊಳವೆಯ ತಳದಲ್ಲಿ ಅರದಿಂದ ಒಂದು ಸಣ್ಣ ಗೆರೆ ಹಾಕುತ್ತಿದ್ದ. ಒಪ್ಪದಿದ್ದರೆ ತಂದವನ ಎದುರಿಗೇ ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡುತ್ತಿದ್ದ, ಇನ್ಯಾರೂ ಅದನ್ನು ತುಂಬಿಸಬಾರದೆಂದು.

ಒಮ್ಮೆ ಲಕ್ಷ್ಮೇಶ್ವರದ ರೈತನೊಬ್ಬ ಕಾದು ಬೇಸತ್ತು, "ಏನೋ ಸಾಬ, ಅಳಿಯನ್ನ ಆರಿಸಾಕೂ ಯಾರೂ ಇಷ್ಟ ನೋಡಂಗಿಲ್ಲಲ್ಲೋ" ಎಂದ.

"ಅಳಿಯಾ ಸಿಡಿದ್ರ ಮಾತಿನ್ಯಾಗ ಸಿಡೀತಾನ್ರಿ. ಇದು ಕಣ್ಣಾಗ ಸಿಡಿತೈತಿ" ಎಂದು ಮರ್ದಾನಸಾಬ ತಲೆಯೆತ್ತದೆ ಹೇಳಿದ್ದ.

ಆ ಸುತ್ತಿಗೆಗೆ ಮುಂಡರಗಿ, ಶಿರಹಟ್ಟಿಯ ದೊಡ್ಡ ಹಿಡುವಳಿದಾರರೂ ಎದುರಾಡುತ್ತಿರಲಿಲ್ಲ. ಎದುರಾಡಿದವಳು ನಾನು.

ಗದಗ ಹೊಸ ಜಿಲ್ಲೆಯಾದ ಮರುವರ್ಷದ ಮಾತು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಾನು ಆಗಷ್ಟೇ ನಿವೃತ್ತಳಾಗಿದ್ದೆ. ಕಳಸಾಪುರದಲ್ಲಿ ತಂದೆಯಿಂದ ಬಂದ ಹೊಲವಿತ್ತು. ಬೆಳೆ ಕಾಯಲು ಸಣ್ಣ ನಳಿಗೆಯ ಒಂದು ಬಂದೂಕು ಇತ್ತು. ಹೊಲ ನೋಡಿಕೊಳ್ಳುವ ಯಮನೂರಪ್ಪನ ಹೆಸರೂ ಕಾವಲುಗಾರನೆಂದು ಲೈಸೆನ್ಸಿನಲ್ಲಿತ್ತು. ಶೇಂಗಾಕ್ಕೆ ಹಂದಿ ಇಳಿದರೆ ಅವನು ಆಕಾಶಕ್ಕೆ ಒಂದು ಗುಂಡು ಹಾರಿಸಿ ಓಡಿಸುತ್ತಿದ್ದ.

ತಂದೆಯ ಕಾಲದ ಇಪ್ಪತ್ನಾಲ್ಕು ಕೊಳವೆಗಳಿದ್ದವು. ದೇವರಿರುವ ಮನೆಯೊಳಗೆ ಅವು ಬೇಡವೆಂದು ಯಮನೂರಪ್ಪನ ಹೆಂಡತಿ ಉಡಚವ್ವ ಅವನ್ನು ಚೀಲದಲ್ಲಿ ಕಟ್ಟಿ ದನದ ಕೊಟ್ಟಿಗೆಯ ಜಂತಿಗೆ ತೂಗುಹಾಕಿದ್ದಳು. ಎರಡು ಮಳೆಗಾಲ ಅಲ್ಲೇ ಇದ್ದವು. ಅಂಗಡಿಗೆ ಒಯ್ಯುತ್ತೇನೆಂದಾಗ ಹುಣಸೆಹಣ್ಣು, ಬೂದಿ ಹಚ್ಚಿ, ಹಬ್ಬದ ತಂಬಿಗೆಗಳನ್ನು ತಿಕ್ಕುವಂತೆ ತಿಕ್ಕಿ ಥಳಥಳ ಮಾಡಿಕೊಟ್ಟಳು.

ಮರ್ದಾನಸಾಬ ಒಂದನ್ನು ಮೂಸಿದ. ಕಲ್ಲಿನ ಮೇಲೆ ಬೀಳಿಸಿದ. ಸದ್ದು ಒಡಕು ಮಡಕೆಯದು.

"ಅಕ್ಕಾರ, ಇವನ್ನ ಎಲ್ಲಿ ಇಟ್ಟಿದ್ರಿ?"

"ದನದ ಕೊಟಗ್ಯಾಗ. ಯಾಕ?"

"ಹಂಗಾರ ಕೆಟ್ಟಾವ್ರಿ. ಗಂಜಲದ ಘಾಟು ಹಿತ್ತಾಳಿ ತಿಂತೈತಿ. ತಿಕ್ಕಿದ್ದಕ್ಕ ಕಲಿ ಹೋಗೈತಿ, ಬಿರುಕು ಹೋಗಿಲ್ಲ."

ಉಳಿದವನ್ನೂ ಹಾಗೆಯೇ ನೋಡಿ, ಏಳು ಕೊಳವೆಗಳನ್ನು ಪಕ್ಕಕ್ಕೆ ಸರಿಸಿ ಸುತ್ತಿಗೆ ತೆಗೆದುಕೊಂಡ. ಅವು ನನ್ನ ತಂದೆಯ ಕೊಳವೆಗಳು. ಅಂಗಡಿಯಲ್ಲಿ ನಾಲ್ಕೈದು ಗಿರಾಕಿಗಳಿದ್ದರು. ಅವರೆಲ್ಲರ ಎದುರು ಒಬ್ಬ ಕೆಲಸಗಾರ ನನಗೆ ಹಿತ್ತಾಳೆಯ ಪಾಠ ಹೇಳುತ್ತಿದ್ದಾನೆ ಎಂಬುದಷ್ಟೇ ಆಗ ನನ್ನ ತಲೆಯಲ್ಲಿತ್ತು.

"ಸುತ್ತಗಿ ಕೆಳಗ ಇಡು" ಎಂದೆ. "ಹಿತ್ತಾಳಿ ಅಂದ್ರ ಏನಂತ ನಿನ್ನ ಮಗಳಿಗೆ ಕಲಿಸಿದಾಕಿ ನಾನು."

ಅವನ ಮಗಳು ತಬಸ್ಸುಮ ಮೂರು ವರ್ಷ ನನ್ನ ವಿದ್ಯಾರ್ಥಿನಿಯಾಗಿದ್ದಳು. ಅವನು ನನ್ನ ಮುಖ ನೋಡಿದ, ಸುತ್ತಿಗೆ ಇಟ್ಟ. ಇಪ್ಪತ್ನಾಲ್ಕಕ್ಕೂ ಗೆರೆ ಹಾಕಿದ. ಯಮನೂರಪ್ಪ ನನ್ನ ಹಿಂದೆಯೇ ಖಾಲಿ ಚೀಲ ಹಿಡಿದು ನಿಂತಿದ್ದ.

ತಿಂಗಳೊಳಗೆ, ಒಂದು ಸಂಜೆ, ಮದ್ದು ತುಂಬಿಸಿ ತಂದವುಗಳಲ್ಲಿ ಮೊದಲನೆಯದನ್ನು ಯಮನೂರಪ್ಪ ಹಂದಿ ಓಡಿಸಲು ಹಾರಿಸಿದಾಗ ಕೊಳವೆ ಬುಡದಲ್ಲಿ ಸೀಳಿತು. ಬೆಂಕಿ ಹಿಂದಕ್ಕೆ ನುಗ್ಗಿತು. ಕೆನ್ನೆ ಸುಟ್ಟಿತು, ಬಲಗಣ್ಣಿನ ದೃಷ್ಟಿ ಮುಕ್ಕಾಲು ಹೋಯಿತು.

ವಿಚಾರಣೆ ಅಂಗಡಿಯಲ್ಲೇ ನಡೆಯಿತು. ಪೊಲೀಸರು ಸೀಳಿದ ಕೊಳವೆಯನ್ನು ಮೇಜಿನ ಮೇಲಿಟ್ಟರು. ಅಂಗಡಿಯ ಯಜಮಾನ ಅದನ್ನು ತಿರುಗಿಸಿ ತಳ ನೋಡಿದ.

"ಈ ಗೆರಿ ಯಾರ್ದೋ?"

"ನಂದ್ರಿ."

"ಗೆರಿ ಕಣ್ಣ ತೆರದ ಹಾಕಿದ್ಯೋ, ಮುಚ್ಚಿ ಹಾಕಿದ್ಯೋ?"

ಮರ್ದಾನಸಾಬ ಒಂದೇ ಸಲ ನನ್ನ ಕಡೆ ನೋಡಿದ. ನಾನು ಕೈಚೀಲದ ಗುಂಡಿ ಹಾಕುತ್ತ, ಬಿಚ್ಚುತ್ತ ಕುಳಿತಿದ್ದೆ. ಒಂದು ವಾಕ್ಯ ಸಾಕಿತ್ತು. ಆಡಲಿಲ್ಲ. ಅವತ್ತೇ ಅವನನ್ನು ಕೆಲಸದಿಂದ ತೆಗೆದರು. ಸಾಬನಿಗೆ ವಯಸ್ಸಾಯಿತು, ಹಿತ್ತಾಳೆ ತಿಳಿಯುತ್ತಿಲ್ಲ ಎಂದು ವಾರದೊಳಗೆ ಊರೆಲ್ಲ ಮಾತಾಯಿತು.

ಆಸ್ಪತ್ರೆಯಲ್ಲಿ ಯಮನೂರಪ್ಪ ಹದಿನೈದು ದಿನ ಇದ್ದ. ಪಟ್ಟಿ ಬಿಚ್ಚಿದ ದಿನ ಮೆಲ್ಲಗೆ ಅಂದ: "ಸಾಬರು ಬ್ಯಾಡಂದಿದ್ರು, ಅವ್ವಾರ. ನಾನೂ ಕೇಳೇನಿ. ಪೊಲೀಸರು ನನ್ನ ಕೇಳಲಿಲ್ಲ."

ಮರುದಿನ ಠಾಣೆಗೆ ಕೊಡಲು ಒಂದು ಹೇಳಿಕೆ ಬರೆದೆ. ಉಳಿದ ಇಪ್ಪತ್ಮೂರು ಕೊಳವೆಗಳನ್ನು ಅಂಗಡಿಯವರು ವಾಪಸು ಪಡೆದು, ಮದ್ದು ತೆಗೆದು ಹಿಂದಿರುಗಿಸಿದ್ದರು. ಅವನ್ನೂ ತೆಗೆದುಕೊಂಡು ಬೆಟಗೇರಿಗೆ ಹೋದೆ. ಬಾಗಿಲು ತೆರೆದವಳು ತಬಸ್ಸುಮ. ಒಳಗೆ ಬನ್ನಿ ಅನ್ನಲಿಲ್ಲ.

"ಅಮೋನಿಯಾ ತಾಗಿದ್ರ ಹಿತ್ತಾಳಿ ಸೀಳತೈತಿ ಅಂತ ನೀವ ಬರಸಿದ್ರಿ, ಮೇಡಂ. ನನ್ನ ನೋಟಬುಕ್ಕಿನ್ಯಾಗ ಇನ್ನೂ ಐತಿ. ತೋರಸ್ಲೇನು?"

ದನದ ಗಂಜಲದಿಂದ ಅಮೋನಿಯಾ ಏಳುತ್ತದೆ ಎಂದು ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದಿದ್ದೆ. ನನ್ನದೇ ಕೊಟ್ಟಿಗೆಯಲ್ಲಿ ಅದನ್ನು ಗುರುತಿಸಿದವನು ಮರ್ದಾನಸಾಬ.

"ಲೇ ತಬಸ್ಸುಮ, ಬಾಗಲದಾಗ ನಿಂದರ್ಸಬ್ಯಾಡ. ಬರ್ರಿ ಅಕ್ಕಾರ, ಕುಂಡ್ರಿ" ಎಂದು ಅವನು ಒಳಗಿನಿಂದ ಕೂಗಿದ. ಈಗ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ, ಬೆರಳುಗಳು ಕಪ್ಪಾಗಿದ್ದವು.

ಚೀಲವನ್ನು ಅವನ ಮುಂದೆ ಇಟ್ಟೆ. ಎಲ್ಲವನ್ನೂ ಒಂದೊಂದಾಗಿ ಬೀಳಿಸಿ ಸದ್ದು ಕೇಳಿದ. "ಇವುಗಳಾಗ ಛಲೋನೂ ಅದಾವ. ಇರಲಿ" ಎಂದು ಇಪ್ಪತ್ಮೂರನ್ನೂ ನನ್ನೆದುರಿಗೇ ಬಡಿದ. ಕೊನೆಯದು ಮುಗಿದಾಗ, "ಇನ್ನೊಂದು?" ಎಂದ.

"ಠಾಣ್ಯಾಗ ಐತಿ."

"ಹೌದ್ರಿ. ಅದು ಸಿಗಂಗಿಲ್ಲ. ಗೆರಿ ಅದರ ಮ್ಯಾಲೇ ಉಳೀತು."

ಹೇಳಿಕೆಯನ್ನು ಅವನಿಗೆ ಓದಿ ಹೇಳಿದೆ. ಕೊಳವೆ ಎರಡು ಮಳೆಗಾಲ ಕೊಟ್ಟಿಗೆಯಲ್ಲಿದ್ದುದು, ಬಡಿಯಬಾರದೆಂದು ನಾನು ತಡೆದದ್ದು, ತಪ್ಪು ಪೂರಾ ನನ್ನದು ಎಂಬುದು, ಎಲ್ಲ ಇತ್ತು.

"ಕೆಟ್ಟಾವು ಅಂತ ನಾ ಹೇಳಿದ್ದು?"

"ಅದನ್ನು ಬಿಟ್ಟೀನಿ. ಗೊತ್ತಿದ್ದೂ ಗೆರಿ ಹಾಕಿದಿ ಅಂತ ಆದ್ರ ನಿನ್ನ ಮ್ಯಾಲೆ ಬರತೈತಿ."

ಅವನು ಸುತ್ತಿಗೆಯನ್ನು ಬಟ್ಟೆಯಿಂದ ಒರೆಸಿದ. "ಬರಲಿ. ಹೆದರಿ ಗೆರಿ ಹಾಕಿದ ಅನ್ನಲಿ, ಅದು ಖರೆ ಐತಿ, ಅದಕ್ಕ ನಾ ನಾಚತೇನಿ. ಹಿತ್ತಾಳಿ ತಿಳೀಲಿಲ್ಲ ಅನ್ನೋದು ಬ್ಯಾಡ. ಅದನ್ನೂ ಬರೀರಿ."

ತಬಸ್ಸುಮ ತನ್ನ ಪೆನ್ನು ತಂದುಕೊಟ್ಟಳು. ಅಲ್ಲೇ ಚಾಪೆಯ ಮೇಲೆ ಕುಳಿತು, ಅವನು ಹೇಳಿದ ಮಾತನ್ನು ಅವನ ಮಾತಿನಲ್ಲೇ ಕೊನೆಗೆ ಸೇರಿಸಿ, ಕೆಳಗೆ ನನ್ನ ಹೆಸರು ಬರೆದೆ. ಹೆಸರಿನ ಮುಂದೆ ಪದವಿಗಳನ್ನು ಬರೆಯಲಿಲ್ಲ.